ಕಪ್ಪು ಡಬ್ಬಿಯಲ್ಲಿ ಅಡಗಿದ ಬುಲ್‌ಬುಲ್

ಸಿಂಚನಾ, ಧನುಷ್, ನೀವಿಬ್ಬರೂ ಒಂದು ವಾರದಿಂದ ನನ್ನ ಬೆನ್ನು ಬಿಟ್ಟಿಲ್ಲ. ರಾಮನವಮಿಯ ದಿನ ನಮ್ಮ ಭಜನೆಯವರ ಕಾರ್ಯಕ್ರಮದಲ್ಲಿ ನಾನು ಮೈಕಿನಲ್ಲಿ ಕೂಗಿದ್ದನ್ನು ಯಾರೋ ಪುಣ್ಯಾತ್ಮರು ಫೋನಿನಲ್ಲಿ ಹಿಡಿದುಕೊಂಡರು. ಆ ಅರ್ಧ ನಿಮಿಷದ ವಿಡಿಯೊ ಈಗ ಅತ್ತಿಗುಪ್ಪೆಯ ನಿಮ್ಮ ಚಿಕ್ಕಜ್ಜಿಯ ಮನೆಗೂ ಹೋಗಿ, ಅಲ್ಲಿಂದ ಕೆಂಗೇರಿಗೆ ಹೋಗಿ, ಮತ್ತೆ ನಮ್ಮ ಮನೆಗೇ ಬಂದಿದೆ. ಅದೇನು ಡಬ್ಬಿ ಅಜ್ಜಿ, ಯಾಕೆ ಬದಲಾಯಿಸು ಅಂದೆ, ಅದೇನು ತಪ್ಪು ಎಂದು ನೀವು ಕೇಳಿದಾಗಲೆಲ್ಲ ನಾನು ಒಲೆಯ ಮೇಲೆ ಹಾಲಿದೆ ಎಂದು ಅಡುಗೆಮನೆಗೆ ಓಡಿದ್ದೇನೆ. ಒಲೆಯ ಮೇಲೆ ಹಾಲಿರಲಿಲ್ಲ. ಸಂಕೋಚದ ಹೆಂಗಸಿಗೆ ಅಡುಗೆಮನೆಯಷ್ಟು ಒಳ್ಳೆಯ ಜಾಗ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಅಲ್ಲಿ ಹೋಗಿ ಒರೆಸುತ್ತಾ ನಿಂತರೆ ಯಾರೂ ಏನೂ ಕೇಳುವುದಿಲ್ಲ. ನಮ್ಮ ಗ್ಯಾಸ್ ಒಲೆಯ ಮೇಲಿದ್ದ ಕಂಪನಿ ಹೆಸರು ಅಳಿಸಿಹೋಗಿರುವುದು ಹೀಗೆಯೇ. ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ನನ್ನಿಂದಲೇ ಬರೆಸುತ್ತಿದ್ದರು. ಬರೆದದ್ದನ್ನು ಓದು ಎಂದರೆ ಮಾತ್ರ ನಾನು ಬೆಂಚಿನ ಕೆಳಗೆ ಬಳಪ ಹುಡುಕುತ್ತಿದ್ದೆ. ಆದ್ದರಿಂದ ನಿಮಗೂ ಬರೆದೇ ಹೇಳುತ್ತೇನೆ. ಬರೆಯಲು ಕೂತು ಎರಡು ಸಲ ಎದ್ದಾಯಿತು. ಒಂದು ಸಲ ಬಾಗಿಲ ಚಿಲಕ ನೋಡಲು, ಇನ್ನೊಂದು ಸಲ ಅದನ್ನೇ ಮತ್ತೆ ನೋಡಲು.

ಮೊದಲು ಬುಲ್‌ಬುಲ್ ವಿಷಯ. ದಿವಾನದ ಕೆಳಗಿರುವ ಉದ್ದನೆಯ ಮರದ ಪೆಟ್ಟಿಗೆಯನ್ನು ನೀವು ನೋಡಿದ್ದೀರಿ. ಒಳಗೆ ತಂತಿಗಳು, ಅದರ ಮೇಲೆ ಟೈಪ್‌ರೈಟರಿನಲ್ಲಿರುವಂಥ ಗುಂಡಿಗಳು. ಎಡಗೈಯಲ್ಲಿ ಗುಂಡಿ ಒತ್ತಬೇಕು, ಬಲಗೈಯಲ್ಲಿ ತಂತಿ ಮೀಟಬೇಕು. ಗುಂಡಿ ತಂತಿಯ ಮೇಲೆ ಬಿದ್ದಾಗ ಟಕ್ ಅನ್ನುತ್ತದೆ, ಆಮೇಲೆ ಸ್ವರ ಬರುತ್ತದೆ. ಚೆನ್ನಾಗಿ ನುಡಿಸುವವರಲ್ಲಿ ಈ ಟಕ್ ಕೇಳಿಸುವುದೇ ಇಲ್ಲ. ನನ್ನದು ಮಾತ್ರ ಮೆಟ್ಟಿಲು ಇಳಿಯುವವರ ಹಾಗೆ ಮೊದಲು ಟಕ್, ಆಮೇಲೆ ಸ್ವರ. ಊರಿನಲ್ಲಿ ನಮ್ಮ ಹೆಡ್ ಮೇಷ್ಟ್ರ ಹೆಂಡತಿ ಮಧ್ಯಾಹ್ನದ ಹೊತ್ತು ತಮ್ಮ ಬುಲ್‌ಬುಲ್ಲಿನಲ್ಲಿ ನನಗೆ ನಾಲ್ಕು ದೇವರನಾಮ ಹೇಳಿಕೊಟ್ಟಿದ್ದರು. ಮದುವೆಯಾಗಿ ಬೆಂಗಳೂರಿಗೆ ಬಂದಾಗ ಈ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಮೂರು ವರ್ಷದ ಮೇಲೆ ಒಂದು ದಿನ ಬಾಯಿ ತಪ್ಪಿ ನಿಮ್ಮ ತಾತನ ಹತ್ತಿರ ಅಂದುಬಿಟ್ಟೆ. ಮುಂದಿನ ಭಾನುವಾರ ಅವರು ಒಂದು ಹಳೆಯ ಬುಲ್‌ಬುಲ್ಲನ್ನು ಟವೆಲಿನಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು.

ತಾತನಿಗೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ ಇತ್ತು ಎಂದು ನಿಮಗೆ ಗೊತ್ತು. ಅವರ ಕೈ ಖಾಲಿ ಇದ್ದರೆ ಏನಾದರೂ ಸುತ್ತಲೇಬೇಕು. ಮನೆಯ ಹೂವಿನ ದಾರವನ್ನೂ ಅವರು ಸಾಲುಸಾಲಾಗಿ ಸುತ್ತಿಡುತ್ತಿದ್ದರು. ಹೀಗೇ ಒಂದು ರಜದ ದಿನ ಹಳೆಯ ಸ್ಪೀಕರಿನ ಅಯಸ್ಕಾಂತದ ಚೂರುಗಳನ್ನು ಜೋಡಿಸಿ, ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಅದರ ಸುತ್ತ ಸಾವಿರಾರು ಸುತ್ತು ಸುತ್ತಿ, ಬುಲ್‌ಬುಲ್ಲಿನ ತಂತಿಗಳ ಕೆಳಗೆ ಕೂರಿಸಿದರು. ಕಾಯಿಲು ಎಂದು ಅದರ ಹೆಸರು. ಅದರಿಂದ ಒಂದು ವೈರು ಎಳೆದು ರೇಡಿಯೊಗೆ ಕೊಟ್ಟರು. ನಾನು ಒಂದು ಗುಂಡಿ ಒತ್ತಿದೆ. ರೇಡಿಯೊದೊಳಗಿಂದ ಮೊದಲು ನನ್ನ ಟಕ್ ಬಂತು, ಆಮೇಲೆ ಸ್ವರ, ಅದರ ಜೊತೆಗೆ ನನ್ನ ಗಾಜಿನ ಬಳೆ ಪೆಟ್ಟಿಗೆಗೆ ತಾಗಿದ ಸದ್ದು. ಅಷ್ಟು ಸಾಕಾಯಿತು, ನಾನು ಅಡುಗೆಮನೆಗೆ ಹೋದೆ. ತಾತ ಅಲ್ಲಿಗೇ ಬಂದು ಬಾಗಿಲಲ್ಲಿ ನಿಂತು, "ಇದು ಎಲ್ಲಾನೂ ಹೇಳ್ಬಿಡುತ್ತೆ ಕಣೇ, ನಿನ್ನ ಥರ ಅಲ್ಲ" ಎಂದು ನಕ್ಕರು. ಒಂದು ಸಲ ನಾಲ್ಕು ಜನದ ಮುಂದೆ ಇದನ್ನು ಕೇಳಿಸು ಎಂದು ಪ್ರತಿ ವರ್ಷ ರಾಮನವಮಿಗೆ ಹೇಳುತ್ತಿದ್ದರು. ನಾನು ಪ್ರತಿ ವರ್ಷ, ಬರುವ ವರ್ಷ ನೋಡೋಣ ಎನ್ನುತ್ತಿದ್ದೆ. ಅವರು ಹೋಗಿ ಒಂಬತ್ತು ವರ್ಷವಾಯಿತು. ಕಾಯಿಲು ಹಾಗೇ ಇತ್ತು, ವೈರಿನ ತುದಿಗೆ ಅವರು ಸುತ್ತಿದ್ದ ಹಳದಿ ಟೇಪೂ ಹಾಗೇ ಇತ್ತು.

ಬುಧವಾರದ ಭಜನೆಗೆ ನಾನು ಹೋಗಲು ಶುರುಮಾಡಿ ಹನ್ನೊಂದು ವರ್ಷ. ಅಲ್ಲಿ ಮೈಕು ಗೀಕು ಏನೂ ಇಲ್ಲ. ಹನ್ನೆರಡು ಜನ ಚಾಪೆಯ ಮೇಲೆ ಕೂರುತ್ತೇವೆ. ಹಾಡನ್ನು ಎತ್ತಿಕೊಡುವವರು ಗೌರಕ್ಕ. ಅವರಿಗೆ ಎಪ್ಪತ್ತೆಂಟು, ನನಗಿಂತ ಹತ್ತು ವರ್ಷ ದೊಡ್ಡವರು. ಕಣ್ಣಿನ ಪೊರೆ ತೆಗೆಸಿದ ಮೇಲೂ ದೂರದ್ದು ಮಂಜು ಮಂಜು, ಆದರೆ ಗಂಟಲು ಇನ್ನೂ ಕಂಚು. ಅವರ ಬಾಯಿಗೆ ಸಿಕ್ಕಿದವರು ಉಳಿದದ್ದಿಲ್ಲ. ನಾನು ಅವರ ಮಗ್ಗುಲಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು ಬುಲ್‌ಬುಲ್ ನುಡಿಸುತ್ತೇನೆ. ಹನ್ನೆರಡು ಜನದ ದನಿಯಲ್ಲಿ ನನ್ನದು ಮುಳುಗಿಹೋಗುತ್ತದೆ ಎಂಬುದೇ ನನ್ನ ಸುಖ. ಒಂದು ಸಲ ಈ ಟಕ್ ನನಗೇ ಸಹಿಸದೆ, ಹಳೆಯ ಸ್ವೆಟರು ಕತ್ತರಿಸಿ, ಪ್ರತಿ ಗುಂಡಿಯ ಕೆಳಗೂ ಒಂದೊಂದು ಚೂರು ಅಂಟಿಸಿಕೊಂಡು ಹೋಗಿದ್ದೆ. ಆ ಬುಧವಾರ ಗೌರಕ್ಕ ಎರಡು ಹಾಡು ತಡವಾಗಿ ಎತ್ತಿಕೊಂಡರು, ಮೂರನೆಯದನ್ನು ಬೇಗ ಎತ್ತಿಕೊಂಡರು, ಇವತ್ತು ಕಾಫಿ ಸರಿಯಿಲ್ಲ ಎಂದು ಭಜನೆ ನಡೆದ ಮನೆಯವರನ್ನು ಬೈದರು. ಆಮೇಲೆ ಬುಲ್‌ಬುಲ್ಲಿನ ಮೇಲೆ ಬೆರಳಾಡಿಸಿ, ಈ ಸೆಕೆಗೆ ಇದಕ್ಯಾಕೆ ಉಲ್ಲನ್ನು ಎಂದು ಒಂದೊಂದನ್ನೇ ಕಿತ್ತು ನನ್ನ ಮಡಿಲಿಗೆ ಹಾಕಿದರು. ನನಗೆ ಆಗ ಏನೂ ಹೊಳೆಯಲಿಲ್ಲ. ನಾಚಿಕೆಯವರಿಗೆ ತಮ್ಮ ಬಗ್ಗೆ ಎಷ್ಟು ಯೋಚನೆ ಎಂದರೆ ಪಕ್ಕದವರು ಏನು ಮಾಡುತ್ತಿದ್ದಾರೆ ಎಂದು ನೋಡಲು ಪುರಸೊತ್ತೇ ಇರುವುದಿಲ್ಲ.

ಈ ವರ್ಷ ನಮ್ಮ ಮಂಡಳಿಯ ಕಾರ್ಯದರ್ಶಿ ಸುಮಿತ್ರಾ ಮೇಡಂ, ಶಾಲೆಯಲ್ಲಿ ಹೆಡ್‌ಮಿಸ್ ಆಗಿ ರಿಟೈರ್ ಆದವರು, ರಾಮನವಮಿಗೆ ರಸ್ತೆಯಲ್ಲೇ ಶಾಮಿಯಾನ ಹಾಕಿಸಿ, ವೇದಿಕೆ ಕಟ್ಟಿಸಿ, ಮೈಕಿನಲ್ಲಿ ಹಾಡೋಣ ಎಂದು ತೀರ್ಮಾನ ಮಾಡಿದರು. ಅವರು ತೀರ್ಮಾನ ಮಾಡಿದರೆ ಬೆಲ್ ಹೊಡೆದ ಹಾಗೆ. ಬುಲ್‌ಬುಲ್ಲಿಗೂ ಮೈಕು ಬೇಕಾಗುತ್ತದೆ ಎಂದಾಗ ನಾನು ತಲೆ ತಗ್ಗಿಸಿ, ಇದಕ್ಕೆ ನಮ್ಮ ಮನೆಯವರು ಒಂದು ಕಾಯಿಲು ಹಾಕಿದ್ದಾರೆ ಎಂದೆ. ಅಂದದ್ದೇ ತಪ್ಪಾಯಿತೇನೋ. ಸರಿ ಹಾಗಾದರೆ ಅದನ್ನೇ ಸೇರಿಸೋಣ, ಕೇಳುವ ಹಾಗಿದ್ದರೆ ಇರಲಿ, ಇಲ್ಲದಿದ್ದರೆ ನಮ್ಮ ಸೊಸೆಯ ಕೀಬೋರ್ಡ್ ಇದೆ, ನೀವು ತಾಳ ಹಾಕಿ ಜಯಮ್ಮ, ಎಂದರು ಅವರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ತಾತ ಸುತ್ತಿದ ಕಾಯಿಲು ಒಂದು ಸಲವೂ ನಾಲ್ಕು ಜನರಿಗೆ ಕೇಳಿಸದೆ ಮತ್ತೆ ದಿವಾನದ ಕೆಳಗೆ ಹೋಗುತ್ತದಲ್ಲ ಎಂದು, ಸೇರಿಸಿ ನೋಡೋಣ ಎಂದುಬಿಟ್ಟೆ. ಅದು ಕೇಳಿಸಿದರೆ ನನ್ನ ಟಕ್ ಕೂಡ ಕೇಳಿಸುತ್ತದೆ ಎಂದು ಹೊಳೆದದ್ದು ಮನೆಗೆ ಬಂದ ಮೇಲೆ. ಆ ವಾರವೆಲ್ಲ ನಾನು ಒಂದು ಕಡೆ ನಿಂತವಳಲ್ಲ. ಒಗೆದ ಬಟ್ಟೆ ಒಣಗುವ ಮೊದಲೇ ತೆಗೆದು ತಂದೆ, ತಂದದ್ದನ್ನು ಮತ್ತೆ ಹಾಕಿದೆ. ಕೋಸಂಬರಿಗೆ ಎಂದು ಹೆಸರುಬೇಳೆಯನ್ನು ಎರಡು ದಿನ ಮುಂಚೆಯೇ ನೆನೆಹಾಕಿ ನಿಮ್ಮಮ್ಮನ ಕೈಲಿ ಅನ್ನಿಸಿಕೊಂಡೆ. ಬಾಡಿಗೆಗಿರುವ ಕೆಳಗಿನ ಮನೆಯವರು, ಮೇಲೆ ಯಾರೋ ದಿನವಿಡೀ ಓಡಾಡುತ್ತಾರಲ್ಲ, ನೆಂಟರು ಬಂದಿದ್ದಾರಾ ಎಂದು ಕೇಳಿದರಂತೆ. ನೆಂಟರಲ್ಲ, ನಾನೊಬ್ಬಳೇ.

ಹಬ್ಬದ ದಿನ ಮಧ್ಯಾಹ್ನ ಎರಡು ಗಂಟೆಗೆ ಸೌಂಡಿನವರು ಬಂದರು. ಬಸವರಾಜ ಎಂದು ಹೆಸರು, ಗದಗಿನ ಕಡೆಯವನು, ಲಗ್ಗೆರೆಯಲ್ಲಿ ಮನೆ ಮಾಡಿಕೊಂಡಿದ್ದಾನೆ, ನಲವತ್ತರ ಆಸುಪಾಸು. ವೇದಿಕೆಯ ಮೇಲೆ ನಾನು, ಸುಮಿತ್ರಾ ಮೇಡಂ, ಅವರ ಸೊಸೆಯ ಕೀಬೋರ್ಡು ಇಷ್ಟೇ ಇದ್ದೆವು. ಗೌರಕ್ಕ ಊಟ ಮಾಡಿ ಮಲಗಿದ್ದರು. ಬಸವರಾಜ ನನ್ನ ವೈರಿನ ತುದಿಯ ಹಳದಿ ಟೇಪನ್ನು ನೋಡಿ, ಕಾಯಿಲನ್ನು ಬಗ್ಗಿ ನೋಡಿ, ಯಾರು ಸುತ್ತಿದ್ದು ಎಂದು ಕೇಳಿದ. ಹೇಳಿದೆ. ಕೈ ಭಾಳ ಚಲೋ ಐತ್ರಿ ಎಂದ. ಆಮೇಲೆ ಚೀಲದಿಂದ ಇಟ್ಟಿಗೆಯಷ್ಟು ಗಾತ್ರದ ಎರಡು ಕಬ್ಬಿಣದ ಡಬ್ಬಿ ತೆಗೆದಿಟ್ಟ. ಒಂದು ನೀಲಿ, ಒಂದು ಕಪ್ಪು. ಇವೇನು ಎಂದು ನಾನು ಕಣ್ಣಲ್ಲೇ ಕೇಳಿದ್ದಿರಬೇಕು.

"ಎರಡೂ ಡಿ.ಐ. ಬಾಕ್ಸ ರೀ ಅಮ್ಮಾರ. ನಿಮ್ಮ ಪೆಟಿಗಿ ದನಿ ಭಾಳ ಸಣ್ಣದೈತಿ. ಅಷ್ಟು ದೂರ ವೈರಿನ್ಯಾಗ ಹೋಗೂದ್ರಾಗ ಸೊರಗತೈತಿ. ಇದು ಕೈ ಹಿಡದು ನಮ್ಮ ಸೌಂಡ್ ಮಿಕ್ಸರಿನ ತನಕ ಮುಟ್ಟಸ್ತೈತಿ. ನೀಲಿದು ಆಕ್ಟಿವ್, ಅದಕ್ಕ ಕರೆಂಟ್ ಬೇಕ್ರಿ. ಕರಿದು ಪ್ಯಾಸಿವ್, ಅದಕ್ಕ ಬ್ಯಾಡ್ರಿ."

ಮೊದಲು ನೀಲಿ ಡಬ್ಬಿ ಹಾಕಿದ. ನಾನು ತಂತಿಯ ಮೇಲೆ ಕೈ ಇಟ್ಟೆ. ಕೈ ಇಟ್ಟಿದ್ದರೆ ಕಾಯಿಲು ಸುಮ್ಮನಿರುತ್ತದೆ, ಕೈ ತೆಗೆದರೆ ಸೀಸೆಯೊಳಗಿನ ದುಂಬಿಯ ಹಾಗೆ ಗುಂಯ್ ಎನ್ನಲು ಶುರುಮಾಡುತ್ತದೆ. ಒಂದು ಕಡೆ ಕೈ ಇಡಲಾಗದ ನನ್ನಂಥವಳಿಗೆ ಎಂಥ ಶಿಕ್ಷೆ ನೋಡಿ. ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದರೆ ಇಡೀ ರಸ್ತೆಗೆ ಗುಂಯ್ ಎಂದು ವರದಿ. ಗುಂಡಿ ಒತ್ತಿ ಮೀಟಿದೆ. ಎರಡು ಆಳೆತ್ತರದ ಸ್ಪೀಕರುಗಳಿಂದ ಬಂದದ್ದು, ಏನು ಹೇಳಲಿ, ಈಗ ತಾನೇ ಹುಣಸೆಹಣ್ಣಿನಲ್ಲಿ ಉಜ್ಜಿದ ಹಿತ್ತಾಳೆ ಚೊಂಬಿನಂಥ ದನಿ. ಅಂಚು ಫಳಫಳ. ತಂತಿ ಹೊಸದೋ ಹಳೆಯದೋ ಹೇಳಬಹುದು, ಎರಡನೆಯ ತಂತಿಯಲ್ಲಿ ತುಸು ತುಕ್ಕಿದೆ ಎಂದೂ ಹೇಳಬಹುದು. ಮೀಟುವ ಪ್ಲಾಸ್ಟಿಕ್ ಚೂರು ತಂತಿಯನ್ನು ಕೆರೆದದ್ದು ಒಂದು ಸದ್ದು, ತಂತಿ ನಡುಗಿದ್ದು ಇನ್ನೊಂದು, ಮೇಲೆ ಮೇಲೆ ಕಿಣಿಕಿಣಿ ಎಂದು ಉಳಿದದ್ದು ಮತ್ತೊಂದು. ಇವೆಲ್ಲಕ್ಕೂ ಮೊದಲು, ಮನೆಯ ಯಜಮಾನನ ಹಾಗೆ ಮುಂದೆ ಬಂದದ್ದು ನನ್ನ ಟಕ್. ರಸ್ತೆಯ ಆಚೆ ತಳ್ಳುಗಾಡಿಯ ಸೊಪ್ಪಿನವಳು ತಿರುಗಿ ನೋಡಿದಳು. ಒಂದು ಗುಂಡಿ ತಪ್ಪಿ ಒತ್ತಿ ತಕ್ಷಣ ಸರಿಮಾಡಿಕೊಂಡೆ. ಮನೆಯಲ್ಲಾದರೆ ಅದು ನನಗೂ ದೇವರಿಗೂ ಮಾತ್ರ ಗೊತ್ತಾಗುವ ಸಂಗತಿ. ಆ ಡಬ್ಬಿ ಅದನ್ನು ತಪ್ಪಿದ್ದು ಇಲ್ಲಿ, ಸರಿಮಾಡಿಕೊಂಡದ್ದು ಇಲ್ಲಿ ಎಂದು ಬಿಡಿಸಿ ಹೇಳಿತು. ಸುಮಿತ್ರಾ ಮೇಡಂ ಹುಬ್ಬು ಗಂಟಿಕ್ಕಿ, ಸ್ವಲ್ಪ ಚುಚ್ಚುತ್ತೆ ಅಲ್ವಾ ಎಂದರು.

ಆಮೇಲೆ ಕಪ್ಪು ಡಬ್ಬಿ. ಅದನ್ನು ಬಸವರಾಜ ನನ್ನ ಮುಂದೆ ಇಡುವಾಗ ದಪ್ ಎಂದಿತು, ಅಷ್ಟು ಭಾರ. ಅದೇ ಗುಂಡಿ, ಅದೇ ತಂತಿ, ಅದೇ ನಾನು. ಆದರೆ ದನಿ ಬೇರೆಯೇ. ಚೊಂಬಿಗೆ ಒದ್ದೆ ಬಟ್ಟೆ ಸುತ್ತಿ ಬಡಿದ ಹಾಗೆ. ಮೇಲಿನ ಕಿಣಿಕಿಣಿ ಎಲ್ಲಿಗೋ ಹೋಯಿತು, ನಡುವಿನ ದನಿ ದುಂಡಗಾಗಿ ಮೆತ್ತಗಾಗಿ ಮುಂದೆ ಬಂತು. ಒಂದು ಸ್ವರ ಮುಗಿದು ಇನ್ನೊಂದು ಶುರುವಾಗುವ ಕಡೆ ಗೆರೆಯೇ ಇಲ್ಲ, ಬೆಣ್ಣೆ ಸವರಿದ ಹಾಗಿದೆ. ಟಕ್ ಇಲ್ಲ. ಬೇಕೆಂದೇ ಒಂದು ತಪ್ಪು ಗುಂಡಿ ಒತ್ತಿ ನೋಡಿದೆ. ಅದು ಅಕ್ಕಪಕ್ಕದ ಸ್ವರಗಳ ಸೆರಗಿನಲ್ಲಿ ಮುಚ್ಚಿಹೋಯಿತು. ಸುಮಿತ್ರಾ ಮೇಡಂ ಹುಬ್ಬು ಬಿಚ್ಚಿ, ಆಹಾ, ಇದು ಸ್ಮೂತಾಗಿದೆ, ಇದೇ ಇರಲಿ ಎಂದರು. ಪರೀಕ್ಷೆಗೆಂದು ಕೀಬೋರ್ಡನ್ನೂ ಎರಡೂ ಡಬ್ಬಿಗೆ ಹಾಕಿಸಿದರು. ಅದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇತ್ತು. ಇದು ಹೇಗೆ ಎಂದು ಅವರು ಕೇಳಿದಾಗ ಬಸವರಾಜ ಹೇಳಿದ್ದನ್ನು ನಾನು ಹಾಗೇ ಬರೆಯುತ್ತೇನೆ, ಏಕೆಂದರೆ ಅಷ್ಟು ಚೆನ್ನಾಗಿ ನಮ್ಮ ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಿಲ್ಲ.

"ಕೀಬೋರ್ಡ್ ಉಳ್ಳವರ ಮನಿ ಇದ್ದಂಗ್ರಿ, ಯಾರು ಬಂದ್ರೂ ನಡೀತೈತಿ. ಅಮ್ಮಾರ ಕಾಯಿಲು ಬಡವ್ರ ಮನಿ. ಕರಿ ಡಬ್ಬಿ ಒಳಗ ಬರೇ ಟ್ರಾನ್ಸ್‌ಫಾರ್ಮರ್, ಅಂದ್ರ ಸುತ್ತಿದ ತಾಮ್ರ ಐತ್ರಿ. ತನಗ ಬೇಕಾದ್ದನ್ನ ಈ ಕಾಯಿಲಿನ ಕಡಿಂದನ ಎಳಕೊಂತೈತಿ. ಎಲ್ಲಿಂದ ಕೊಟ್ಟೀತು ಅದು? ಮ್ಯಾಲಿನ ಚೂಪು ದನಿ ಸೋತು ಬಿಡ್ತಾವ. ನೀಲಿದು ತನ್ನ ಬುತ್ತಿ ತಾನ ಕಟಗೊಂಡು ಬರತೈತಿ. ಕಾಯಿಲಿಗೆ ಏನೂ ತ್ರಾಸ ಕೊಡಂಗಿಲ್ಲ, ಬಾಜೂಕ ಕುಂತು ಬರೇ ಕೇಳತೈತಿ. ಅದಕ್ಕ ಎಲ್ಲಾ ಕೇಳಸ್ತೈತಿ."

ಹೀಗೆ ಹೇಳಿ ಅವನು, ನಿಮ್ಮ ಪೆಟಿಗಿಗೆ ನೀಲಿನ ಚಲೋ ರೀ, ಯಜಮಾನ್ರು ಸುತ್ತಿದ್ದು ಹೆಂಗೈತೋ ಹಂಗ ಬರತೈತಿ ಎಂದು ಮತ್ತೆ ನೀಲಿ ಡಬ್ಬಿಯನ್ನೇ ಹಾಕಿದ. ಸುಮಿತ್ರಾ ಮೇಡಂ ಏನೋ ಹೇಳಲು ಹೊರಟವರು ಪಾನಕದ ಬೆಲ್ಲ ಬಂತೆಂದು ಕೆಳಗಿಳಿದು ಹೋದರು. ಆಮೇಲೆ ನಡೆದದ್ದಕ್ಕೆ ಸಾಕ್ಷಿ ಯಾರೂ ಇಲ್ಲ. ನಾನು ಬಸವರಾಜನ ಹತ್ತಿರ ಹೋಗಿ, ನೋಡಪ್ಪ, ಕಪ್ಪು ಡಬ್ಬಿಯೇ ಇರಲಿ ಎಂದೆ. ಅವನು ಯಾಕ್ರಿ ಎಂದ. ಅದರೊಳಗಿರುವುದು ಸುತ್ತಿದ ತಾಮ್ರ ಎಂದೆಯಲ್ಲ, ನಮ್ಮ ಮನೆಯವರ ಕಸುಬೂ ಅದೇ, ಅವರ ಕಾಯಿಲಿಗೆ ಅವರ ಕಸುಬಿನ ಡಬ್ಬಿಯೇ ಜೊತೆಯಾಗಲಿ ಎಂದೆ. ಅವನು ಕಾಯಿಲನ್ನು ಇನ್ನೊಮ್ಮೆ ಬಗ್ಗಿ ನೋಡಿದ. ನೀಲಿಯದನ್ನು ತೆಗೆದು ಕಪ್ಪನ್ನು ಹಾಕಿದ. ಮಕ್ಕಳೇ, ಆ ಮಾತು ಹೇಳುವಾಗ ನನಗೂ ಅದು ನಿಜವೆಂದೇ ಅನ್ನಿಸಿತು. ಸತ್ತವರ ಹೆಸರು ಹೇಳಿದರೆ ಯಾರೂ ಎದುರಾಡುವುದಿಲ್ಲ ಎಂಬ ಉಪಾಯ ಈ ವಯಸ್ಸಿನ ಹೆಂಗಸರಿಗೆ ಕಲಿಸದೆ ಬರುತ್ತದೆ. ತಾತ ಇದ್ದಿದ್ದರೆ ಅಡುಗೆಮನೆ ಬಾಗಿಲಲ್ಲಿ ನಿಂತ ಹಾಗೆ ವೇದಿಕೆಯ ಪಕ್ಕದಲ್ಲಿ ನಿಂತು ನಗುತ್ತಿದ್ದರು.

ಐದು ಗಂಟೆಗೆ ಜನ ಸೇರಿದರು. ಹಾಡಿಗೆ ಬಂದವರು ಎಷ್ಟು, ಪಾನಕ ಕೋಸಂಬರಿಗೆ ಬಂದವರು ಎಷ್ಟು ಎಂದು ನಾನು ವಿಚಾರಿಸಲಿಲ್ಲ. ಕುರ್ಚಿಗಳೆಲ್ಲ ತುಂಬಿದ್ದವು, ಸ್ಕೂಟರುಗಳ ಮೇಲೂ ಜನ ಕೂತಿದ್ದರು. ಮೈಕುಗಳು ಒಂದಕ್ಕೊಂದು ತಾಗಬಾರದೆಂದು ಬಸವರಾಜ ನಮ್ಮನ್ನು ದೂರದೂರ ಕೂರಿಸಿದ್ದ. ಗೌರಕ್ಕ ನಡುವೆ, ನಾನು ಅವರಿಂದ ಮೂರು ಮಾರು ಆಚೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಮ್ಮ ಮೊಣಕಾಲುಗಳು ಬೇರೆಯಾಗಿದ್ದವು. ನನ್ನ ದನಿ ಅವರಿಗೆ ಕೇಳಿಸಲೆಂದು ಅವರ ಮುಂದೆ ಒಂದು ಸಣ್ಣ ಸ್ಪೀಕರು ಇಟ್ಟಿದ್ದರು. ಸುಮಿತ್ರಾ ಮೇಡಂ ಸ್ವಾಗತ ಹೇಳಿದರು. ನಾನು ನುಡಿಸಲು ಶುರುಮಾಡಿದೆ. ಬೆಣ್ಣೆ ಸವರಿದ ಹಾಗೆ ಬಂತು. ಅಬ್ಬಾ, ನಾನು ಎಲ್ಲಿಯೂ ಇಲ್ಲ, ದನಿ ಮಾತ್ರ ಇದೆ ಎಂದು ನೆಮ್ಮದಿಯಾಯಿತು. ಒಂದು ಸುತ್ತು ನುಡಿಸಿ ಗೌರಕ್ಕ ಎತ್ತಿಕೊಳ್ಳುವ ಜಾಗಕ್ಕೆ ಬಂದೆ. ಗೌರಕ್ಕ ಎತ್ತಿಕೊಳ್ಳಲಿಲ್ಲ. ಇನ್ನೊಂದು ಸುತ್ತು ನುಡಿಸಿದೆ. ಅವರು ಬಾಯಿ ತೆರೆದರು, ಮುಚ್ಚಿದರು. ಮೂರನೆಯ ಸುತ್ತಿನಲ್ಲಿ ಎರಡು ಅಕ್ಷರ ಹಾಡಿ, ಅದು ನನ್ನ ಸ್ವರಕ್ಕೆ ಅರ್ಧ ಹೆಜ್ಜೆ ಹಿಂದೆ ಬಿದ್ದು, ನಿಲ್ಲಿಸಿಬಿಟ್ಟರು. ಹಿಂದಿನವರೂ ನಿಂತರು. ನಾನೂ ನಿಂತೆ. ಕುರ್ಚಿಗಳಲ್ಲಿ ಯಾರೋ ಕೆಮ್ಮಿದರು. ವಯಸ್ಸಾಯ್ತು ಪಾಪ ಎಂದು ಒಬ್ಬರು ಮೆಲ್ಲಗೆ ಅಂದದ್ದು ಮುಂದಿನ ಸಾಲಿನಿಂದ ನನಗೆ ಕೇಳಿಸಿತು. ಗೌರಕ್ಕನಿಗೂ ಕೇಳಿಸಿತು. ನಾನು ಅವರ ಮುಖ ಅಷ್ಟು ಸಣ್ಣದಾದದ್ದನ್ನು ಯಾವತ್ತೂ ನೋಡಿರಲಿಲ್ಲ. ಇಡೀ ಬಡಾವಣೆಯನ್ನು ಬೈಯುವ ಹೆಂಗಸು ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಸುಮಿತ್ರಾ ಮೇಡಂ ಅವರ ಕಣ್ಣು ಕೀಬೋರ್ಡಿನ ಕಡೆಗೆ ಹೋಯಿತು.

ನಾನು ಎದ್ದೆ. ಎದ್ದ ತಕ್ಷಣ ಬುಲ್‌ಬುಲ್ ಗುಂಯ್ ಎಂದಿತು, ಎನ್ನಲಿ ಎಂದು ಬಿಟ್ಟೆ. ಗೌರಕ್ಕನ ಹತ್ತಿರ ಹೋಗಿ ಬಗ್ಗಿ, ಏನಾಯ್ತು ಗೌರಕ್ಕ, ತಲೆ ಸುತ್ತುತ್ತಾ ಎಂದು ಪಿಸುಗುಟ್ಟಿದೆ. ನಾನು ಬಗ್ಗಿದ್ದು ಅವರ ಕಿವಿಗೆ ಎಂದು ನನ್ನ ಲೆಕ್ಕ. ನಡುವೆ ಮೈಕಿತ್ತು.

"ತಲೆ ಸರಿಯಾಗೇ ಇದೆ. ಎಲ್ಲೇ ನಿನ್ನ ಟಕಟಕ?" ಎಂದರು ಗೌರಕ್ಕ. ಅದು ಇಡೀ ರಸ್ತೆಗೆ ಕೇಳಿಸಿತು.

"ಯಾವ ಟಕಟಕ ಗೌರಕ್ಕ?"

"ಅದೇ ಕಣೇ, ಸ್ವರಕ್ಕೆ ಮುಂಚೆ ಕುಟ್ತೀಯಲ್ಲ. ಅದು ಕುಟ್ಟಿದಾಗ ನಾನು ಉಸಿರು ತಗೋತೀನಿ. ನಿನ್ನ ಮುಖ ನಂಗೆ ಕಾಣಲ್ಲ, ಮೊಣಕಾಲೂ ಇಲ್ಲ. ಇವತ್ತು ಬರೀ ಗಂಜಿ ಸುರಿದ ಹಾಗಿದೆ. ಎಲ್ಲಿಂದ ಎತ್ಕೊಳ್ಳಲಿ ಹೇಳು."

ಸ್ವೆಟರಿನ ಚೂರುಗಳು ನನ್ನ ಮಡಿಲಿಗೆ ಬಿದ್ದದ್ದು ಆಗ ನೆನಪಾಯಿತು. ಹನ್ನೊಂದು ವರ್ಷ ನಾನು ಮುಚ್ಚಿಕೊಳ್ಳಬೇಕೆಂದು ಒದ್ದಾಡಿದ ಸದ್ದನ್ನು ಈ ಮುದುಕಿ ಊರುಗೋಲಿನ ಹಾಗೆ ಹಿಡಿದುಕೊಂಡು ಹಾಡುತ್ತಿದ್ದರು. ಈಗ ಆ ಕೋಲನ್ನು ಕಿತ್ತುಕೊಂಡವಳು ನಾನೇ, ಅದೂ ತಾತನ ಹೆಸರು ಹೇಳಿ. ಮುಂದೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಬಾಯಿ ಮೈಕಿನ ಮುಂದೆಯೇ ಇದೆ ಎಂಬುದನ್ನು ಮರೆತು, ಶಾಮಿಯಾನದ ಆ ತುದಿಯಲ್ಲಿ ಕೂತಿದ್ದ ಬಸವರಾಜನಿಗೆ ಕೇಳಿಸಲೆಂದು ಹೊಲದಾಚೆಯವರನ್ನು ಕರೆಯುವ ಹಾಗೆ ಕೂಗಿದೆ.

"ಬಸವರಾಜಪ್ಪಾ, ಆ ಕಪ್ಪು ಡಬ್ಬಿ ತೆಗೆದು ನೀಲಿದು ಹಾಕಿಬಿಡಪ್ಪ. ಅವರ ಕಸುಬೂ ಇಲ್ಲ ಏನೂ ಇಲ್ಲ. ನನ್ನ ತಪ್ಪು ಕೇಳಿಸ್ಬಾರ್ದು ಅಂತ ನಾನೇ ಹಾಕಿಸಿದ್ದು."

ನೀವು ನೋಡಿದ ವಿಡಿಯೊ ಇಷ್ಟೇ. ಆಮೇಲೆ ಎಲ್ಲರೂ ನಕ್ಕದ್ದೂ ಅದರಲ್ಲಿದೆಯಂತೆ, ನಾನು ಪೂರ್ತಿ ನೋಡಿಲ್ಲ. ಬಸವರಾಜ ಓಡಿ ಬಂದು ಡಬ್ಬಿ ಬದಲಾಯಿಸಿದ. ಬಗ್ಗಿದವನು, ನನಗ ಮೊದಲ ಗೊತ್ತಿತ್ರಿ ಅಮ್ಮಾರ ಎಂದು ಮೆಲ್ಲಗೆ ಹೇಳಿದ. ಗೊತ್ತಿದ್ದರೆ ಯಾಕಪ್ಪ ಬದಲಾಯಿಸಿದೆ ಎಂದು ಕೇಳಲು ಆಗ ಸಮಯವಿರಲಿಲ್ಲ. ನನ್ನ ಜಾಗಕ್ಕೆ ಹೋಗಿ ಕೂತೆ. ಗುಂಡಿ ಒತ್ತಿದೆ. ಟಕ್ ಎಂದು ಎರಡು ಸ್ಪೀಕರಿನಿಂದ ಬಂತು ನೋಡಿ, ಎದುರಿನ ಮೆಡಿಕಲ್ ಸ್ಟೋರಿನ ಶಟರಿಗೆ ಬಡಿದು ವಾಪಸು ಬಂತು. ಅದು ಇಳಿಯುವ ಮೊದಲೇ ಗೌರಕ್ಕ ಎತ್ತಿಕೊಂಡರು. ಮೇಲಿನ ಷಡ್ಜದಿಂದಲೇ, ಬೈಯುವಾಗಿನ ಗಂಟಲಿನಲ್ಲೇ.

ಆ ಸಂಜೆ ಒಂಬತ್ತು ಹಾಡು. ನಾನು ಎಣಿಸಿದ ತಪ್ಪು ಹದಿನಾಲ್ಕು, ಎಣಿಸದೆ ಬಿಟ್ಟವು ಬೇರೆ. ಒಂದೊಂದೂ ನೀಲಿ ಡಬ್ಬಿಯೊಳಗಿಂದ ತೊಳೆದು ಒರೆಸಿಕೊಂಡು ಹೊರಗೆ ಬಂತು. ಆದರೆ ತಪ್ಪುಗಳ ಜೊತೆಗೆ ಇನ್ನೊಂದೂ ಬಂತು. ತಾತ ಸುತ್ತಿದ ಕಾಯಿಲಿಗೆ ತನ್ನದೇ ಒಂದು ದನಿ ಇದೆ, ತುಸು ಮೂಗಿನ ದನಿ, ಸ್ವರದ ಬಾಲದಲ್ಲಿ ಸಣ್ಣಗೆ ಜೇನಿನ ಹಾಗೆ ಎಳೆಯುತ್ತದೆ. ಕಪ್ಪು ಡಬ್ಬಿಯಲ್ಲಿ ಅದು ಕಂಡಿರಲೇ ಇಲ್ಲ. ನಲವತ್ತು ವರ್ಷದ ಹಿಂದೆ ರೇಡಿಯೊದಲ್ಲಿ ಒಂದು ಕ್ಷಣ ಕೇಳಿ ಓಡಿಹೋಗಿದ್ದೆನಲ್ಲ, ಅದೇ ಇದು. ಆಗ ಅದರ ಜೊತೆಗಿದ್ದ ಬಳೆಯ ಸದ್ದು ಮಾತ್ರ ಇರಲಿಲ್ಲ. ಗಾಜಿನ ಬಳೆ ಬಿಟ್ಟು ಒಂಬತ್ತು ವರ್ಷವಾಯಿತಲ್ಲ. ನಿಮ್ಮಮ್ಮ ಹಾಕಿಸಿದ ಒಂದೊಂದು ಚಿನ್ನದ ಬಳೆ ಸದ್ದು ಮಾಡುವುದಿಲ್ಲ. ಆ ಸದ್ದು ಬರಬೇಕಾದ ಜಾಗದಲ್ಲಿ ಖಾಲಿ ಇತ್ತು, ಆ ಖಾಲಿಯೂ ನೀಲಿ ಡಬ್ಬಿಯಲ್ಲಿ ಚೆನ್ನಾಗಿಯೇ ಕೇಳಿಸಿತು. ಇದನ್ನು ಬರೆಯುವಾಗ ಮತ್ತೊಮ್ಮೆ ಎದ್ದು ಹೋಗಿ ಚಿಲಕ ನೋಡಿ ಬಂದೆ.

ಎಲ್ಲ ಮುಗಿದು ಗೌರಕ್ಕನಿಗೆ ಪಾನಕ ಕೊಡಲು ಹೋದೆ. ನನ್ನ ತಪ್ಪುಗಳಿಂದ ನಿಮಗೆ ತೊಂದರೆ ಆಯಿತೇನೋ ಎಂದೆ. ಅವರು ಲೋಟ ಕೆಳಗಿಟ್ಟು, "ಹನ್ನೊಂದು ವರ್ಷದಿಂದ ಕೇಳ್ತಾನೇ ಇದೀನಿ ಕಣೇ ಜಯಾ. ಇವತ್ತು ಬೇರೆಯೋರಿಗೂ ಸ್ವಲ್ಪ ಸಿಕ್ತು ಅಷ್ಟೆ" ಎಂದರು. ಆಮೇಲೆ ಅವರು ಪಾನಕದಲ್ಲಿ ಏಲಕ್ಕಿ ಕಡಿಮೆ ಎಂದು ಬೈಯಲು ಸುಮಿತ್ರಾ ಮೇಡಂ ಅವರನ್ನು ಹುಡುಕಿಕೊಂಡು ಹೋದ ಮೇಲೆಯೇ ನನಗೆ ಸಮಾಧಾನವಾದದ್ದು. ಕೀಬೋರ್ಡಿನ ಮಾತನ್ನು ಯಾರೂ ಮತ್ತೆ ಎತ್ತಿಲ್ಲ. ಮೊನ್ನೆ ಬುಧವಾರ ನಾನು ಚಾಪೆಯ ಮೇಲೆ ಕೂತಾಗ ಗೌರಕ್ಕ ತಾವೇ ಸರಿದು ಬಂದು ಮೊಣಕಾಲು ತಾಗಿಸಿದರು. ಹಾಗಂತ ನನ್ನ ಸಂಕೋಚ ಹೋಯಿತು ಎಂದು ತಿಳಿಯಬೇಡಿ. ಸೊಪ್ಪಿನವಳು ಬೀದಿಯಲ್ಲಿ ಕಂಡರೆ, ನೀಲಿ ಡಬ್ಬಿ ಅಮ್ಮಾ ಎಂದು ಕರೆಯುತ್ತಾಳೆ. ನಾನು ಎರಡು ದಿನದಿಂದ ಹಿಂದಿನ ರಸ್ತೆಯಲ್ಲಿ ಓಡಾಡುತ್ತಿದ್ದೇನೆ.

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ಮತ್ತೆ ಹಳೆಯ ಚಾಳಿಯೇ ಆಗುತ್ತದೆ. ಈ ಕಥೆಯನ್ನು ನಾನು ಬರೆಯುತ್ತಿರುವುದು ಎರಡನೆಯ ಸಲ. ಮೊದಲು ಬರೆದದ್ದರಲ್ಲಿ ಬಸವರಾಜನೇ ಗಡಿಬಿಡಿಯಲ್ಲಿ ತಪ್ಪು ಡಬ್ಬಿ ಹಾಕಿಬಿಟ್ಟ, ನಾನು ಗಮನಿಸಿ ಸರಿಮಾಡಿಸಿದೆ ಎಂದಿತ್ತು. ಅಕ್ಷರವೂ ದುಂಡಗಿತ್ತು, ಒಂದು ಕಡೆಯೂ ಹೊಡೆದುಹಾಕಿರಲಿಲ್ಲ, ಓದಲು ಬಹಳ ಮೃದುವಾಗಿತ್ತು. ವಿಡಿಯೊ ನಿಮ್ಮ ಕೈಯಲ್ಲೇ ಇದೆ ಎಂಬುದು ನಾಲ್ಕು ಹಾಳೆ ಬರೆದ ಮೇಲೆ ನೆನಪಾಯಿತು. ಹರಿದು ಹಾಕಿ ಇದನ್ನು ಬರೆದೆ. ಇದರಲ್ಲಿ ಹೊಡೆದುಹಾಕಿದ ಗೆರೆಗಳು ಬೇಕಾದಷ್ಟಿವೆ, ಅವನ್ನೂ ಓದಿಕೊಳ್ಳಬಹುದು.

ಓದಿದ ಮೇಲೆ ಈ ಹಾಳೆಗಳನ್ನು ಅಲ್ಮೆರಾದಲ್ಲಿ ಇಡಬೇಡಿ, ನಿಮ್ಮಮ್ಮ ಹಬ್ಬಕ್ಕೆ ಚೊಕ್ಕ ಮಾಡುವಾಗ ಹಳೆಯ ಪೇಪರಿನ ಜೊತೆ ಹೋಗಿಬಿಡುತ್ತವೆ. ಬುಲ್‌ಬುಲ್ಲಿನ ಪೆಟ್ಟಿಗೆಯಲ್ಲಿ, ಟವೆಲಿನ ಅಡಿಗೆ, ಹಳದಿ ಟೇಪಿನ ವೈರಿನ ಪಕ್ಕ ಇಡಿ. ಅಲ್ಲಿ ಹುಳ ಬರುವುದಿಲ್ಲ, ನುಸಿಗುಳಿಗೆ ಇಟ್ಟಿದ್ದೇನೆ. ಮುಂದೆ ನಿಮ್ಮ ಮಕ್ಕಳಿಗೂ ತೋರಿಸುವಷ್ಟು ದಿನ ಜೋಪಾನ ಮಾಡಿ. ಯಾರಿಗೆ ಬೇಕಾದರೂ ಗಟ್ಟಿಯಾಗಿ ಓದಿ ಹೇಳಿ, ನನ್ನ ಅಡ್ಡಿಯಿಲ್ಲ. ನಾನು ಮನೆಯಲ್ಲಿದ್ದಾಗ ಮಾತ್ರ ಬೇಡ. ಅಡುಗೆಮನೆಯಲ್ಲಿ ಒರೆಸಲು ಇನ್ನೇನೂ ಉಳಿದಿಲ್ಲ.